ಡೀಸೆಲ್ ಸದ್ದಿನೊಳಗಿನ ಮಾತು

ನಮ್ಮ ಕಾರಿಗೆ ಬೆಳಿಗ್ಗೆ ಅವಸರ ಮಾಡಿದರೆ ಆಗುವುದಿಲ್ಲ. ಕೀಲಿಯನ್ನು ಅರ್ಧ ತಿರುಗಿಸಿದಾಗ ಮುಂದೆ ಸುರುಳಿಯಂಥ ಒಂದು ಹಳದಿ ದೀಪ ಹೊತ್ತಿಕೊಳ್ಳುತ್ತದೆ. ಎಂಜಿನ್ನಿನ ಒಳಗೆ ಹೀಟರ್ ಬಿಸಿಯಾಗುತ್ತಿದೆ, ಸ್ವಲ್ಪ ತಡೆದುಕೋ ಎಂದು ಅದರ ಅರ್ಥ. ದೀಪ ಆರಿದ ಮೇಲೆ ಕೀಲಿಯನ್ನು ಪೂರ್ತಿ ತಿರುಗಿಸಬೇಕು. ಆಗ ಗಾಡಿ ಒಮ್ಮೆ ಮೈಕೊಡವಿಕೊಂಡು, ಹಿಂದಿನಿಂದ ಒಂದಿಷ್ಟು ಕಪ್ಪು ಹೊಗೆ ಬಿಟ್ಟು, ಗಡಗಡ ಎಂದು ಸ್ಟಾರ್ಟ್ ಆಗುತ್ತದೆ. ಕಾರ್ಕಳದ ಹೊರವಲಯದ ನಮ್ಮ ಓಣಿಯಲ್ಲಿ ಆ ಸದ್ದಿಗೆ ಎಚ್ಚರವಾಗದವರು ಯಾರೂ ಇಲ್ಲ. ಎದುರುಮನೆಯವರು ಒಮ್ಮೆ, "ನಿಮ್ಮ ಗಾಡಿ ಉಂಟಲ್ಲ, ಹಾಗಾಗಿ ನಾವು ಅಲಾರಂ ಇಡುವುದಿಲ್ಲ" ಎಂದರು. ಅದನ್ನು ನಾನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಮಣಿಪಾಲದ ಕೈಗಾರಿಕಾ ಪ್ರದೇಶದ ಒಂದು ಅಚ್ಚುಕೂಟದಲ್ಲಿ ನಾನು ಯಂತ್ರ ವಿಭಾಗದ ಮೇಲ್ವಿಚಾರಕ. ಹೆಂಡತಿ ಅಲ್ಲಿಂದ ಸ್ವಲ್ಪ ದೂರದ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತಾಳೆ. ಹೊರಡುವ ಹೊತ್ತು, ಬಿಡುವ ಹೊತ್ತು ಇಬ್ಬರಿಗೂ ಹೆಚ್ಚುಕಡಿಮೆ ಒಂದೇ. ಜೋಡುರಸ್ತೆ ದಾಟಿ, ಬೈಲೂರು, ಹಿರಿಯಡ್ಕ, ಪರ್ಕಳದ ಮೇಲೆ ಮಣಿಪಾಲ. ಸಂಜೆ ಅದೇ ದಾರಿ ತಿರುಗಿ. ಭಾನುವಾರಗಳಲ್ಲಿ ಎರಡಕ್ಕೊಮ್ಮೆಯಾದರೂ ಕಾಪುವಿಗೆ, ಅವಳ ತವರಿಗೆ. ನಮ್ಮ ಮಾತುಕತೆಯೆಲ್ಲ ನಡೆಯುತ್ತಿದ್ದದ್ದು ಈ ದಾರಿಗಳಲ್ಲಿ. ಮನೆಯಲ್ಲಿ ನಾವಾಡುವುದು ತುಳು, ಜಗಳವಾಡುವುದೂ ತುಳುವಿನಲ್ಲೇ. ಇಲ್ಲಿ ಅದನ್ನೆಲ್ಲ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

ಆ ಹಳೆ ಗಾಡಿಯನ್ನು ಕೊಟ್ಟು ಹೊಸದೊಂದನ್ನು ತಾ ಎಂದು ಹೇಳದ ನೆಂಟರಿಲ್ಲ. ನಾನು ಮೈಲೇಜ್ ಎಂದೆ, ಗಟ್ಟಿ ಬಾಡಿ ಎಂದೆ, ಈಗಿನ ಗಾಡಿಗಳೆಲ್ಲ ಬಿಸ್ಕತ್ ಡಬ್ಬ ಎಂದೆ. ಅದ್ಯಾವುದೂ ನಿಜವಾದ ಕಾರಣವಲ್ಲ. ನಿಜವಾದ ಕಾರಣವನ್ನು ಯಾರ ಎದುರೂ ಹೇಳುವಂತಿರಲಿಲ್ಲ. ನನ್ನ ಹೆಂಡತಿ ಮನೆಯೊಳಗೆ ನನ್ನ ಜೊತೆ ಮಾತಾಡುವುದನ್ನು ಬಿಟ್ಟಿದ್ದಳು. ಜಗಳವಿಲ್ಲ, ಮುನಿಸಿಲ್ಲ, ಊಟಕ್ಕೆ ಕಡಿಮೆಯಿಲ್ಲ. ಮಾತು ಮಾತ್ರ ಇಲ್ಲ. ಅದೇ ಹೆಂಗಸು ಕಾರಿನಲ್ಲಿ ಕುಳಿತು ಬಾಗಿಲು ಹಾಕಿದೊಡನೆ ಲೈಬ್ರರಿಯ ಸುದ್ದಿ, ತವರಿನ ಸುದ್ದಿ, ಮೀನಿನ ಸುದ್ದಿ ಎಲ್ಲವನ್ನೂ ಹೇಳುತ್ತಿದ್ದಳು. ಕಾರು ಹೋದರೆ ಆ ಮಾತೂ ಹೋದೀತು ಎಂದು ನನಗೆ ಭಯವಿತ್ತು. ಐವತ್ತು ದಾಟಿದ ಗಂಡಸು ಇದನ್ನು ಯಾರಲ್ಲಿ ಹೇಳಿಕೊಳ್ಳಬೇಕು?

ಕಾರಿನೊಳಗೆ ಮಾತಾಡುವುದೆಂದರೆ ಕೂಗುವುದು. ಹಳೆಯ ಡೀಸೆಲ್ ಎಂಜಿನ್ನಿನ ಎದುರು ಮೆತ್ತಗಿನ ಮಾತು ನಡೆಯುವುದಿಲ್ಲ. ಹಿರಿಯಡ್ಕದವರೆಗೆ ನಾಲ್ಕನೇ ಗೇರಿನಲ್ಲಿ ಸ್ವಲ್ಪ ಮರ್ಯಾದೆಯಲ್ಲಿರುತ್ತದೆ. ಪರ್ಕಳದ ಏರಿಗೆ ಬಂದು ಎರಡನೇ ಗೇರು ಹಾಕಿದಿರೋ, ಡ್ಯಾಶ್‌ಬೋರ್ಡು, ಕಿಟಕಿಯ ಗಾಜು, ಹಿಂದಿನ ಸೀಟಿನಲ್ಲಿಟ್ಟ ಊಟದ ಡಬ್ಬಿ ಎಲ್ಲ ಒಟ್ಟಿಗೆ ನಡುಗುತ್ತವೆ. ಅಂಥಲ್ಲಿ ನನ್ನ ಹೆಂಡತಿ ತನ್ನ ತಮ್ಮನ ಮಗಳ ಮದುವೆ ಮಾತುಕತೆಯ ಗುಟ್ಟನ್ನು ಕೂಗಿ ಕೂಗಿ ಹೇಳುತ್ತಿದ್ದಳು. ಪಕ್ಕದಲ್ಲಿ ಬಸ್ಸು ನಿಂತರೆ ಬಸ್ಸಿನವರೂ ಬಗ್ಗಿ ನೋಡುತ್ತಿದ್ದರು. ನಾನೂ ಕೂಗಿ ಉತ್ತರ ಕೊಡುತ್ತಿದ್ದೆ. ನಮ್ಮಿಬ್ಬರಿಗೂ ಅದು ಅಭ್ಯಾಸವಾಗಿತ್ತು. ಎಷ್ಟೆಂದರೆ, ಕೂಗುತ್ತಿದ್ದೇವೆ ಎಂಬುದೇ ಮರೆತುಹೋಗಿತ್ತು.

ಡೀಸೆಲ್ ಹಾಕಿಸುವುದರಲ್ಲೂ ನಮಗೊಂದು ಕ್ರಮವಿತ್ತು. ಟ್ಯಾಂಕಿನ ಮುಳ್ಳು ಕಾಲುಭಾಗಕ್ಕಿಂತ ಕೆಳಗೆ ಇಳಿಯಲು ನಾನು ಬಿಡುವುದಿಲ್ಲ. ಪೆಟ್ರೋಲ್ ಗಾಡಿ ಖಾಲಿಯಾಗಿ ನಿಂತರೆ ಬಾಟಲಿಯಲ್ಲಿ ತಂದು ಸುರಿದರೆ ಹೊರಡುತ್ತದೆ. ಹಳೆಯ ಡೀಸೆಲ್ ಹಾಗಲ್ಲ. ಪೈಪಿನೊಳಗೆ ಗಾಳಿ ಸೇರಿಕೊಂಡರೆ ಬಾನೆಟ್ ಎತ್ತಿ, ಕೈಪಂಪನ್ನು ಒತ್ತಿ ಒತ್ತಿ ಗಾಳಿ ಹೊರಗೆ ತೆಗೆಯಬೇಕು. ಹೆಬ್ಬೆರಳು ಸೋತುಹೋಗುತ್ತದೆ. ಬಂಕಿನಲ್ಲಿ ಟ್ಯಾಂಕರಿನಿಂದ ಇಳಿಸುತ್ತಿದ್ದರೆ ಆ ದಿನ ಹಾಕಿಸುವುದಿಲ್ಲ, ಅಡಿಯ ಕಸವೆಲ್ಲ ಮೇಲೆ ಎದ್ದಿರುತ್ತದೆ. ಮಳೆಗಾಲದಲ್ಲಿ ಫಿಲ್ಟರಿನ ಅಡಿಯ ಸ್ಕ್ರೂ ಸಡಿಲಿಸಿ ನೀರು ಬಸಿದು ನೋಡುತ್ತೇನೆ. ಇದನ್ನೆಲ್ಲ ನೋಡಿ ನನ್ನ ಹೆಂಡತಿ, "ಇಷ್ಟು ಉಪಚಾರ ನನಗೆ ಮಾಡಿದ್ದರೆ ನಾನೂ ಗಡಗಡ ಓಡುತ್ತಿದ್ದೆ" ಎನ್ನುತ್ತಿದ್ದಳು. ಅದನ್ನೂ ಕಾರಿನೊಳಗೇ, ಕೂಗಿಯೇ.

ಶನಿವಾರ ಸಂಜೆ ಫುಲ್ ಟ್ಯಾಂಕ್. ಡೀಸೆಲ್ ಪೆಟ್ರೋಲಿನ ಹಾಗಲ್ಲ, ನೊರೆ ಬರುತ್ತದೆ. ನೊರೆ ಮೇಲೆ ಬಂದೊಡನೆ ನಳಿಕೆ ಟಪ್ಪೆಂದು ನಿಲ್ಲುತ್ತದೆ, ಟ್ಯಾಂಕಿನಲ್ಲಿ ಇನ್ನೂ ಜಾಗ ಇರುತ್ತದೆ. ಆಗ ನಾವಿಬ್ಬರೂ ಇಳಿದು ಆಚೆ ಒಬ್ಬರು ಈಚೆ ಒಬ್ಬರು ನಿಂತು ಗಾಡಿಯನ್ನು ತೊಟ್ಟಿಲಿನ ಹಾಗೆ ತೂಗುತ್ತೇವೆ. ನೊರೆ ಇಳಿಯುತ್ತದೆ, ಮತ್ತೆ ಸ್ವಲ್ಪ ಹಿಡಿಯುತ್ತದೆ. ಹೊಸ ಕಾರಿನವರು ಇದನ್ನು ನೋಡಿ ನಗುತ್ತಾರೆ. ಬಂಕಿನ ನೆಲದ ಎಣ್ಣೆ ಚಪ್ಪಲಿಗೆ ಅಂಟಿ ಕಾರಿನೊಳಗೆ ಬರಬಾರದೆಂದು ಅವಳು ಕಾಲಡಿಗೆ ಹಳೆಯ ಪೇಪರು ಹಾಸುತ್ತಿದ್ದಳು. ಒಳಗೆ ಕುಳಿತ ಮೇಲೆ ಕೈ ಮೂಸಿ ನೋಡಿ ಮುಖ ಸಿಂಡರಿಸುತ್ತಿದ್ದಳು. ಅಲ್ಲಿಂದ ಮನೆಯವರೆಗೆ ಮಾತೇ ಮಾತು. ಮನೆಯ ಗೇಟಿನೊಳಗೆ ತಂದು ನಿಲ್ಲಿಸಿದ ಮೇಲೂ ಈ ಗಾಡಿಯನ್ನು ತಕ್ಷಣ ಆಫ್ ಮಾಡಬಾರದು. ಎಂಜಿನ್ನಿನ ಟರ್ಬೊ ತಣಿಯಲು ಸ್ವಲ್ಪ ಹೊತ್ತು ಹಾಗೇ ಬಿಡಬೇಕು. ಆ ಹೊತ್ತಿನಲ್ಲಿ ಅವಳು ಮಾತನ್ನು ಮುಗಿಸುತ್ತಿದ್ದಳು. ನಾನು ಕೀಲಿ ತಿರುಗಿಸಿ ಆಫ್ ಮಾಡಿದರೆ ಅವಳೂ ಸುಮ್ಮನಾಗುತ್ತಿದ್ದಳು, ಇಳಿದು ಒಳಗೆ ಹೋಗುತ್ತಿದ್ದಳು. ಮರುದಿನ ಬೆಳಿಗ್ಗೆಯವರೆಗೆ ಅಷ್ಟೇ.

ಇದು ಯಾವಾಗ ಶುರುವಾಯಿತು ಎಂದು ಹೇಳಲಾರೆ. ಮೊದಲು ಅವಳಿಗೆ ದಣಿವು ಎಂದುಕೊಂಡೆ. ಇಡೀ ದಿನ ಲೈಬ್ರರಿಯಲ್ಲಿ ಪಿಸುಮಾತಿನಲ್ಲಿ ಕೆಲಸ ಮಾಡುವವಳು, ಮನೆಯಲ್ಲೂ ಅದೇ ಅಭ್ಯಾಸವಾಗಿದೆ ಎಂದುಕೊಂಡೆ. ಆಮೇಲೆ ನನ್ನ ಮೇಲೆ ಏನೋ ಬೇಸರವಿದೆ ಎನ್ನಿಸಿತು. ಕೇಳಿದರೆ, "ಎಂತ ಇಲ್ಲ" ಎಂದು ತಲೆಯಾಡಿಸುತ್ತಿದ್ದಳು. ನಾನು ಹಜಾರದಲ್ಲಿ ಪೇಪರು ಓದುತ್ತಾ ಕುಳಿತಿರುತ್ತಿದ್ದೆ, ಅವಳು ಅಡುಗೆಮನೆಯಲ್ಲಿ. ಎರಡು ಕೋಣೆಗಳ ನಡುವೆ ಬಾಗಿಲು ಕೂಡ ಇಲ್ಲ, ಬರೀ ಒಂದು ಪರದೆ. ಆದರೂ ಮನೆ ನಿಶ್ಶಬ್ದವಾಗಿರುತ್ತಿತ್ತು. ಆ ನಿಶ್ಶಬ್ದಕ್ಕೆ ನಾನು ಹೆದರುತ್ತಿದ್ದೆ ಎಂದರೆ ತಪ್ಪಲ್ಲ. ಬೆಳಿಗ್ಗೆ ಯಾವಾಗ ಆಗುತ್ತದೋ, ಯಾವಾಗ ಆ ಹಳದಿ ದೀಪ ಹೊತ್ತುತ್ತದೋ ಎಂದು ಕಾಯುತ್ತಿದ್ದೆ.

ಕಿವಿಯ ಯೋಚನೆ ನನ್ನ ತಲೆಗೆ ಹೊಳೆಯಲೇ ಇಲ್ಲ. ಹೊಳೆಯುವುದಾದರೂ ಹೇಗೆ? ಅಚ್ಚುಕೂಟದಲ್ಲಿ ಯಂತ್ರ ಓಡುವಾಗ ಎಲ್ಲರೂ ಕೂಗಿಯೇ ಮಾತಾಡುವುದು. ಅಲ್ಲಿ ನನಗೆ ಎಲ್ಲವೂ ಕೇಳುತ್ತಿತ್ತು. ಕಾರಿನಲ್ಲಿ ಕೇಳುತ್ತಿತ್ತು. ಕಾಪುವಿನಲ್ಲಂತೂ ಕೇಳುವುದೇ ಬೇಡ. ಅವಳ ತವರು ಕಡಲಿನ ಬದಿಯಲ್ಲಿದೆ, ದೋಣಿಯ ಕುಟುಂಬ. ಗಾಳಿ, ತೆರೆಗಳಿಗೆ ಎದುರಾಗಿ ಮಾತಾಡಿ ಮಾತಾಡಿ ಅವರ ದನಿಯೇ ಹಾಗೆ. ಅಲ್ಲಿ ಮೆತ್ತಗೆ ಮಾತಾಡಿದರೆ ಏನೋ ಮುಚ್ಚಿಡುತ್ತಿದ್ದಾನೆ ಎಂದು ತಿಳಿದುಕೊಳ್ಳುತ್ತಾರೆ. ಅವಳ ಅಣ್ಣ ಹಿತ್ತಿಲಿನಿಂದ "ಚಾ ಕುಡಿಯುವ ಬನ್ನಿ" ಎಂದು ಕರೆದರೆ ಕಡಲತೀರದ ದೀಪಸ್ತಂಭದ ಹತ್ತಿರ ನಿಂತವರೂ ತಿರುಗಿ ನೋಡಬೇಕು. ಹೀಗೆ ವಾರವಿಡೀ ಕೂಗುವವರ ನಡುವೆಯೇ ಬದುಕಿದವನಿಗೆ ತನ್ನ ಕಿವಿಯ ಬಗ್ಗೆ ಅನುಮಾನ ಹೇಗೆ ಬರಬೇಕು? ಫೋನಿನಲ್ಲಿ ಕೇಳಿಸದಿದ್ದರೆ ಸಿಗ್ನಲ್ಲಿಗೆ ಬೈಯುತ್ತಿದ್ದೆ. ಸಭೆಗಳಲ್ಲಿ ಕೇಳಿಸದಿದ್ದರೆ ಈಗಿನವರಿಗೆ ಮೈಕು ಹಿಡಿಯಲು ಬರುವುದಿಲ್ಲ ಎನ್ನುತ್ತಿದ್ದೆ.

ಗಾಡಿಗೆ ಹದಿನೈದು ವರ್ಷ ತುಂಬುತ್ತಾ ಬಂದಿತ್ತು, ನೋಂದಣಿಯನ್ನು ನವೀಕರಿಸಬೇಕಿತ್ತು. ಅದಕ್ಕೆ ಮೊದಲು ಕೆಲಸವೂ ಇತ್ತು: ಎಂಜಿನ್ನಿನ ಪಂಪಿನಿಂದ ಡೀಸೆಲ್ ಒಸರುತ್ತಿತ್ತು. ಪರ್ಕಳದ ನಮ್ಮ ಮೆಕ್ಯಾನಿಕ್, "ಪಂಪು ಬಿಚ್ಚಿ ಮಂಗಳೂರಿಗೆ ಕಳಿಸಬೇಕು ಸರ್, ಒಂದು ವಾರ ಆದೀತು" ಎಂದ. ನನಗೆ ಆ ವಾರದ ಚಿಂತೆ ಹತ್ತಿತು. ಬಸ್ಸಿನಲ್ಲಿ ಹೋಗೋಣ ಎಂದೆ. ಅಷ್ಟರಲ್ಲಿ ಹೆಂಡತಿಯ ಲೈಬ್ರರಿಯ ಸಹೋದ್ಯೋಗಿಯೊಬ್ಬಳು, ಜೋಡುರಸ್ತೆಯ ಹತ್ತಿರ ಮನೆ ಮಾಡಿಕೊಂಡಿರುವವಳು, ತಾನೇ ಕರೆದುಕೊಂಡು ಹೋಗುತ್ತೇನೆ ಎಂದಳು. ಅವಳು ಹೊಸದಾಗಿ ಎಲೆಕ್ಟ್ರಿಕ್ ಕಾರು ತೆಗೆದುಕೊಂಡಿದ್ದಳು. ನನ್ನ ಹೆಂಡತಿಯನ್ನು ಅಕ್ಕ ಎನ್ನುತ್ತಾಳೆ, ಹಾಗಾಗಿ ನಾನು ಅವಳಿಗೆ ಭಾವ.

ಆ ಕಾರಿನಲ್ಲಿ ಹೆಂಗಸರಿಬ್ಬರೂ ಮುಂದೆ, ನಾನು ಹಿಂದೆ. ಗಾಡಿ ಹೊರಟದ್ದೇ ನನಗೆ ಗೊತ್ತಾಗಲಿಲ್ಲ. ಗೇಟು ಹಿಂದಕ್ಕೆ ಸರಿದಾಗ ಹೊರಟಿದೆ ಎಂದು ತಿಳಿಯಿತು. ಎಂಜಿನ್ ಇಲ್ಲ, ನಡುಕ ಇಲ್ಲ, ವಾಸನೆ ಇಲ್ಲ. ರಾತ್ರಿ ಮನೆಯಲ್ಲೇ ಫೋನಿನ ಹಾಗೆ ಚಾರ್ಜಿಗೆ ಹಾಕುತ್ತಾಳಂತೆ. ಗಾಡಿಗೂ ಓಡಿಸುವವರಿಗೂ ಪರಿಚಯವೇ ಬೆಳೆಯದ ಸವಾರಿ ಎಂದು ನಾನು ಮನಸ್ಸಿನಲ್ಲೇ ಮೂಗು ಮುರಿದೆ. ಬೈಲೂರಿನ ಹತ್ತಿರ ಬಂದಾಗ ಗಮನಿಸಿದೆ: ಮುಂದಿನ ಇಬ್ಬರೂ ಮಾತಾಡುತ್ತಿದ್ದರು. ಹೆಂಡತಿಯ ಕೆನ್ನೆ ಅಲ್ಲಾಡುತ್ತಿತ್ತು, ಕೈ ಆಡುತ್ತಿತ್ತು, ಒಮ್ಮೆ ತಲೆ ಹಿಂದಕ್ಕೆ ಹಾಕಿ ನಕ್ಕಳು. ನನಗೆ ಒಂದು ಮಾತೂ ಕೇಳಿಸಲಿಲ್ಲ.

ಬೇಕೆಂದೇ ಪಿಸುಗುಟ್ಟುತ್ತಿದ್ದಾರೆ ಎಂದು ನಾನು ತಿಳಿದುಕೊಂಡೆ. ನನ್ನ ಜೊತೆ ಮನೆಯಲ್ಲಿ ಬಾಯಿ ಬಿಡದವಳಿಗೆ ಇವಳ ಜೊತೆ ಇಷ್ಟು ಸಲಿಗೆ. ಮರುದಿನವೂ ಅದೇ, ಅದರ ಮರುದಿನವೂ ಅದೇ. ನಾನು ಕಿಟಕಿಯ ಹೊರಗೆ ನೋಡುತ್ತಾ ಕುಳಿತೆ. ನನ್ನ ಭಯ ನಿಜವಾಗಿತ್ತು: ಗಾಡಿ ಗ್ಯಾರೇಜಿಗೆ ಹೋದದ್ದೇ ತಡ, ಅವಳು ನನ್ನ ಜೊತೆಗಿದ್ದ ಕೊನೆಯ ಮಾತನ್ನೂ ನಿಲ್ಲಿಸಿದ್ದಳು.

ವಾರದ ಕೊನೆಯ ಹೊತ್ತಿಗೆ, ಹಿರಿಯಡ್ಕದ ಪೇಟೆಯಲ್ಲಿ ಗಾಡಿ ನಿಂತಿದ್ದಾಗ, ಓಡಿಸುತ್ತಿದ್ದವಳು ಪೂರ್ತಿ ಹಿಂದಕ್ಕೆ ತಿರುಗಿ ನನ್ನ ಮುಖ ನೋಡಿ ದೊಡ್ಡ ದನಿಯಲ್ಲಿ ಕೇಳಿದಳು: "ಭಾವ, ಅಕ್ಕ ನಿಮ್ಮ ಹತ್ತಿರ ಮೂರು ಸಲ ಕೇಳಿದರು, ಎ.ಸಿ. ಕಡಿಮೆ ಮಾಡಬೇಕಾ ಅಂತ. ನಿಮಗೆ ಕೇಳ್ತಾ ಇಲ್ವಾ?"

"ಈ ಗಾಡಿಯಲ್ಲಿ ನೀವು ಗುಸುಗುಸು ಮಾತಾಡಿದರೆ ಯಾರಿಗೆ ಕೇಳ್ತದೆ ಮಾರಾಯ್ತಿ" ಎಂದೆ. ಎಷ್ಟು ಜೋರಾಗಿ ಹೇಳಿದೆನೆಂದರೆ ಹೊರಗೆ ರಸ್ತೆ ದಾಟುತ್ತಿದ್ದವರು ನಿಂತು ನೋಡಿದರು. ಹೆಂಡತಿ ಹಿಂದಕ್ಕೆ ತಿರುಗಿ ನನ್ನನ್ನು ನೋಡಿದಳು. ಸಿಟ್ಟಿನ ನೋಟವಲ್ಲ. ಏನನ್ನೋ ಕೂಡಿಸಿ ಕಳೆದು ನೋಡುತ್ತಿರುವವರ ನೋಟ.

ಶನಿವಾರ ಗಾಡಿ ತರಲು ಇಬ್ಬರೂ ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್ ಸ್ಟಾರ್ಟ್ ಮಾಡಿ ತೋರಿಸಿದ. ಬಾನೆಟ್ಟಿನ ಪಕ್ಕ ನಿಂತು ನಾನು ಬಹಳ ಸಂತೋಷದಿಂದ, "ಸೌಂಡ್ ಪೂರ್ತಿ ಕಡಿಮೆಯಾಗಿದೆ ಅಲ್ವಾ? ಹೊಸ ಗಾಡಿಯ ಹಾಗೆ ಉಂಟು" ಎಂದೆ.

ಅವನು ನಗಲೋ ಬೇಡವೋ ಎಂಬಂತೆ ನನ್ನನ್ನು ನೋಡಿದ. "ಕಡಿಮೆ ಎಂಥದ್ದು ಸರ್? ಪಂಪಿನ ಕೆಲಸ ಆದ ಮೇಲೆ ನಾಕಿಂಗ್, ಆ ಕಟಕಟ ಸದ್ದು, ಸ್ವಲ್ಪ ಜಾಸ್ತಿಯೇ ಉಂಟು. ಓಡಿಸ್ತಾ ಓಡಿಸ್ತಾ ಸರಿಯಾಗ್ತದೆ."

ನಾನು ಹೆಂಡತಿಯ ಕಡೆ ನೋಡಿದೆ, ಅವಳಾದರೂ ನನ್ನ ಪಕ್ಷ ಹಿಡಿದಾಳು ಎಂದು. ಅವಳು ಕಾರನ್ನು ನೋಡುತ್ತಿರಲಿಲ್ಲ, ನನ್ನ ಕಿವಿಯನ್ನು ನೋಡುತ್ತಿದ್ದಳು. ದಾರಿಯಲ್ಲಿ ಎಂದಿನಂತೆ ಕೂಗಿ ಹೇಳಿದಳು: "ಸೋಮವಾರ ರಜೆ ಹಾಕಿ. ಕಿವಿ ತೋರಿಸಲಿಕ್ಕೆ ಹೋಗುವ."

"ನನ್ನ ಕಿವಿಗೆ ಎಂತ ಆಗಿದೆ? ನೀನು ಹೇಳಿದ್ದು ಈಗ ಕೇಳಲಿಲ್ವಾ?"

"ನಾನು ಬೊಬ್ಬೆ ಹೊಡೀತಾ ಇದ್ದೇನೆ" ಎಂದಳು.

ಉಡುಪಿಯ ಒಂದು ಕ್ಲಿನಿಕ್ಕಿನಲ್ಲಿ ನನ್ನನ್ನು ಗಾಜಿನ ಕಿಟಕಿಯ ಸಣ್ಣ ಕೋಣೆಯೊಳಗೆ ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿ ಎಂದರು. ನಾನು ಬಹಳ ಪ್ರಾಮಾಣಿಕವಾಗಿ ಒತ್ತಿದೆ. ಮೊದಲು ದಪ್ಪ ಸದ್ದುಗಳು ಬಂದವು, ಒತ್ತಿದೆ. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಯಂತ್ರ ಕೆಟ್ಟಿರಬೇಕು ಎಂದು ಕಿಟಕಿಯಾಚೆ ನೋಡಿದೆ. ಪರೀಕ್ಷೆ ಮಾಡುತ್ತಿದ್ದ ಹುಡುಗಿ ತಲೆ ಬಗ್ಗಿಸಿ ಗುಂಡಿಗಳನ್ನು ತಿರುಗಿಸುತ್ತಲೇ ಇದ್ದಳು. ಅವಳ ಹಿಂದೆ ನಿಂತಿದ್ದ ನನ್ನ ಹೆಂಡತಿ ಸೆರಗನ್ನು ಬಾಯಿಗೆ ಹಿಡಿದುಕೊಂಡಿದ್ದಳು. ಅದನ್ನು ನೋಡಿದಾಗ ನನಗೆ ಅರ್ಥವಾಯಿತು. ಸದ್ದುಗಳು ಬರುತ್ತಿದ್ದವು. ನಾನು ಒತ್ತುತ್ತಿರಲಿಲ್ಲ, ಅಷ್ಟೇ.

ಡಾಕ್ಟರು ವಿವರಿಸಿದರು. ಯಂತ್ರ, ಎಂಜಿನ್ನಿನಂಥ ದಪ್ಪ ಸದ್ದುಗಳು ನನಗಿನ್ನೂ ತಕ್ಕಮಟ್ಟಿಗೆ ಕೇಳುತ್ತವೆ. ಸಣ್ಣ ಸದ್ದು, ಮೆತ್ತಗಿನ ಮಾತು, ಅದರಲ್ಲೂ ಹೆಂಗಸರ ತಗ್ಗಿದ ದನಿ ಬಹುಪಾಲು ಹೋಗಿದೆ. ಹೋದದ್ದು ತಿರುಗಿ ಬರುವುದಿಲ್ಲ, ಕಿವಿಗೆ ಮಿಷನ್ ಹಾಕಿಕೊಂಡರೆ ಕೆಲಸ ನಡೆಯುತ್ತದೆ. ಹೆಂಡತಿ ಒಂದೇ ಪ್ರಶ್ನೆ ಕೇಳಿದಳು: "ಎಷ್ಟು ಸಮಯದಿಂದ ಹೀಗೆ ಇರಬಹುದು?" ವರ್ಷಗಳಿಂದ ಇರಬಹುದು ಎಂದರು ಡಾಕ್ಟರು. ಈ ಪ್ರಶ್ನೋತ್ತರ ನನಗೆ ಕೇಳಿಸಿದ್ದಲ್ಲ, ಆಮೇಲೆ ಅವಳೇ ಹೇಳಿದ್ದು.

ಹೇಳಿದ್ದು ಎಲ್ಲಿ? ಕಾರಿನಲ್ಲೇ. ಮಣಿಪಾಲ ದಾಟಿ ಪರ್ಕಳದ ಕಡೆ ಬರುತ್ತಿದ್ದೆವು. ರಸ್ತೆ ಕೆಟ್ಟಿತ್ತು, ಎರಡನೇ ಗೇರಿನಲ್ಲಿ ಗಾಡಿ ಅರಚುತ್ತಿತ್ತು. ಅವಳು ಕೂಗಿದಳು: "ನಾನು ಗ್ರಹಿಸಿದ್ದು ನಿಮಗೆ ನನ್ನ ಮಾತು ಬೇಡ ಅಂತ. ಮನೆಯಲ್ಲಿ ಎಷ್ಟು ಕೇಳಿದರೂ ನೀವು ತಲೆ ಎತ್ತುತ್ತಿರಲಿಲ್ಲ. ಪೇಪರಿನೊಳಗೆ ಮುಖ ಹಾಕಿ ಕೂತಿರುತ್ತಿದ್ದಿರಿ. ಕಾರಿನಲ್ಲಿ ಮಾತ್ರ ಉತ್ತರ ಕೊಡುತ್ತಿದ್ದಿರಿ. ಇವರಿಗೆ ಸ್ಟೇರಿಂಗ್ ಹಿಡಿದರೆ ಮಾತ್ರ ಹೆಂಡತಿ ನೆನಪಾಗುವುದು ಅಂತ ನಾನು ತಿಳಿದದ್ದು."

"ನಾನು ತಿಳಿದದ್ದು ನಿನಗೇ ಮಾತಾಡಲಿಕ್ಕೆ ಮನಸ್ಸಿಲ್ಲ ಅಂತ" ಎಂದು ನಾನೂ ಕೂಗಿದೆ.

ಅಂಥ ಮಾತುಗಳನ್ನು ಹಾಗೆ ಗಂಟಲು ಹರಿಯುವಂತೆ ಹೇಳಿಕೊಳ್ಳಬಾರದು. ಅವುಗಳಿಗೆ ಬೇರೆ ದನಿ ಬೇಕು. ನಮಗೆ ಬೇರೆ ಜಾಗ ಇರಲಿಲ್ಲ. ಅವಳು ಮುಖ ಒರೆಸಿಕೊಂಡು ಕಿಟಕಿಯ ಕಡೆ ತಿರುಗಿದಳು. ನಾನು ಮೂರನೇ ಗೇರು ಹಾಕಿದೆ.

ಮಿಷನ್ ಬಂದ ಮೇಲೆ ಎಲ್ಲ ಸರಿಹೋಗುತ್ತದೆ ಎಂದು ಇಬ್ಬರೂ ಅಂದುಕೊಂಡಿದ್ದೆವು. ಗೇರುಬೀಜದಷ್ಟು ದೊಡ್ಡ ಎರಡು ವಸ್ತುಗಳನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಮೊದಲ ದಿನ ಬೆಳಿಗ್ಗೆ ಕಾರಿನ ಕೀಲಿ ತಿರುಗಿಸಿದೆ. ದೀಪ ಆರಿತು, ಎಂಜಿನ್ ಸ್ಟಾರ್ಟ್ ಆಯಿತು. ಆ ಸದ್ದಿಗೆ ನಾನು ಸೀಟಿನಲ್ಲಿ ಬೆಚ್ಚಿ ಕುಳಿತೆ. ತಗಡಿನ ಡಬ್ಬದಲ್ಲಿ ಕಲ್ಲು ತುಂಬಿ ಕಿವಿಯ ಹತ್ತಿರ ಅಲ್ಲಾಡಿಸಿದ ಹಾಗೆ. ಇದಾ ನಮ್ಮ ಗಾಡಿ? ಇದನ್ನಾ ನಾನು ಇಷ್ಟು ವರ್ಷ ಎಲ್ಲರ ಎದುರು ಹೊಗಳಿದ್ದು? ಓಣಿಯವರ ಮೇಲೆ ಮೊದಲ ಬಾರಿ ನನಗೆ ಮರುಕ ಹುಟ್ಟಿತು. ಹೆಂಡತಿ ಅಭ್ಯಾಸಬಲದಿಂದ ಕೂಗಿ ಏನೋ ಹೇಳಿದಳು, ಅದು ತಲೆಬುರುಡೆಗೆ ಬಡಿದಂತಾಗಿ ನಾನು ಕೈಯಿಂದ ಕಿವಿ ಮುಚ್ಚಿಕೊಂಡೆ. ಅವಳು ಅರ್ಧದಲ್ಲೇ ನಿಲ್ಲಿಸಿದಳು. ಮೆತ್ತಗೆ ಹೇಳಿದರೆ ಎಂಜಿನ್ ನುಂಗುತ್ತದೆ, ಜೋರಾಗಿ ಹೇಳಿದರೆ ನನಗೆ ತಡೆಯುವುದಿಲ್ಲ.

ಮಿಷನ್ ತೆಗೆದು ಜೇಬಿಗೆ ಹಾಕಿಕೊಂಡೆ. "ಈಗ ಹೇಳು" ಎಂದೆ. ಅವಳು ಬೇಡವೆಂದು ತಲೆಯಾಡಿಸಿದಳು. ಆಮೇಲೆ ಹೇಳಿದಳು, ಆದರೆ ಮೊದಲಿನ ಹಾಗಲ್ಲ. ತಾನು ಕೂಗುತ್ತಿದ್ದೇನೆ ಎಂಬುದು ಅವಳಿಗೆ ಈಗ ಗೊತ್ತಾಗಿತ್ತು; ಗೊತ್ತಾದ ಮೇಲೆ ಯಾರಿಗಾದರೂ ಹಾಗೆ ಕೂಗಲು ಮನಸ್ಸಾಗುತ್ತದೆಯೇ? ಮಾತು ಹೌದು, ಅಲ್ಲಗಳಿಗೆ ಇಳಿಯಿತು. ಬೈಲೂರು, ಹಿರಿಯಡ್ಕ, ಪರ್ಕಳ, ಮೂರೂ ಸುಮ್ಮನೆ ದಾಟಿಹೋಗುತ್ತಿದ್ದವು. ಶನಿವಾರ ಬಂಕಿನಲ್ಲಿ ಗಾಡಿಯನ್ನು ತೂಗುವಾಗಲೂ ಅವಳು ಆಚೆ, ನಾನು ಈಚೆ, ಡೀಸೆಲ್ ಹಾಕುವವನು ಮಾತ್ರ ವಟವಟ ಮಾತಾಡುತ್ತಿದ್ದ.

ಮನೆಯಲ್ಲೂ ಪರಿಸ್ಥಿತಿ ಅಷ್ಟೇ. ದಿನವಿಡೀ ಯಂತ್ರಗಳ ನಡುವೆ ಮಿಷನ್ ಹಾಕಿಕೊಂಡು ದಣಿದ ಕಿವಿಗೆ ಮನೆಯ ಪಾತ್ರೆಗಳ ಸದ್ದು ಕೂಡ ಹೆಚ್ಚೆನಿಸುತ್ತಿತ್ತು. ಬಂದ ಕೂಡಲೇ ತೆಗೆದು ಡಬ್ಬಿಯಲ್ಲಿಡುತ್ತಿದ್ದೆ. ಹಾಕಿಕೊಂಡಿದ್ದ ಒಂದೆರಡು ಸಂಜೆ ಅವಳ ಎದುರು ಹೋಗಿ ನಿಂತೆ, "ಏನಾದರೂ ಮಾತಾಡು" ಎಂದೆ. ಹಾಗೆ ಎದುರು ನಿಂತು ಮಾತಾಡು ಎಂದರೆ ಯಾರು ಮಾತಾಡುತ್ತಾರೆ? "ನಿಮಗೆ ಎಂತ ಮರ್ಲಾ?" ಎಂದು, ಹುಚ್ಚನನ್ನು ಕಂಡವಳಂತೆ ನಕ್ಕು ಒಲೆಯ ಕಡೆ ತಿರುಗಿದಳು. ತಪ್ಪು ಕಿವಿಯದ್ದೆಂದು ಗೊತ್ತಾಗಿತ್ತು ನಿಜ. ಆದರೆ ಅಷ್ಟು ವರ್ಷ ನಿಂತುಹೋದ ಮಾತು, ಕಾರಣ ಗೊತ್ತಾಯಿತೆಂದ ಮಾತ್ರಕ್ಕೆ ತಿರುಗಿ ಶುರುವಾಗುವುದಿಲ್ಲ. ಕಾರಿನಲ್ಲಿ ಇದ್ದದ್ದನ್ನೂ ಕಳೆದುಕೊಂಡೆನಲ್ಲ ಎಂದು ನನಗೆ ಒಳಗೊಳಗೇ ದುಃಖವಾಗುತ್ತಿತ್ತು. ಕಿವುಡನಾಗಿಯೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಕೂಡ ಒಮ್ಮೆ ಯೋಚಿಸಿದ್ದೇನೆ.

ಒಂದು ಸಂಜೆ ಕೈಕಾಲು ತೊಳೆದುಕೊಂಡು ಬಂದು ಹಜಾರದಲ್ಲಿ ಪೇಪರು ಹಿಡಿದು ಕುಳಿತೆ. ಅಂದು ಮಿಷನ್ ತೆಗೆಯಲು ಮರೆತಿದ್ದೆ. ಅವಳಿಗೂ ಅದು ಗೊತ್ತಿರಲಿಲ್ಲ. ಪರದೆಯಾಚೆ ನಲ್ಲಿಯಿಂದ ನೀರು ಬೀಳುವ ಸದ್ದು, ಚೂರಿಯ ಸದ್ದು. ಅದರ ಜೊತೆಗೆ ಯಾರೋ ಮಾತಾಡುತ್ತಿದ್ದರು. ಫೋನಿನಲ್ಲಿರಬೇಕು ಎಂದುಕೊಂಡೆ. ಫೋನು ನನ್ನ ಎದುರಿನ ಮೇಜಿನ ಮೇಲಿತ್ತು.

"ಇವತ್ತು ಬಂಗುಡೆ ಮೀನು ತಾಜಾ ಇರಲಿಲ್ಲ. ಆದರೂ ತಂದೆ. ಪುಳಿಮುಂಚಿ ಸಾರು ಮಾಡುವುದಾ, ಎಣ್ಣೆಯಲ್ಲಿ ಕಾಯಿಸುವುದಾ?" ಎಂದಿತು ನನ್ನ ಹೆಂಡತಿಯ ದನಿ. ತಗ್ಗಿದ, ನಯವಾದ ದನಿ, ನಾನು ಮರೆತೇಬಿಟ್ಟಿದ್ದ ದನಿ. ಸ್ವಲ್ಪ ತಡೆದು, ಅದೇ ದನಿ ಒಂದಿಷ್ಟು ದಪ್ಪಗಾಗಿ, ನನ್ನ ಹಾಗೆ ಕೊನೆಯ ಅಕ್ಷರ ಎಳೆದು ಹೇಳಿತು: "ಕಾಯಿಸು. ನಿನಗೆ ಅರೆಯುವ ಕೆಲಸ ಕಡಿಮೆ ಆಗ್ತದೆ."

ನಾನು ಪೇಪರು ಕೆಳಗಿಳಿಸಿದೆ.

"ಗಾಡಿಯನ್ನು ಎಂತ ಮಾಡುವುದು? ರಿನ್ಯೂವಲ್ ಮಾಡಿಸುವುದಾ, ಕೊಡುವುದಾ?" ಎಂದು ಅವಳು ಕೇಳಿದಳು. ದಪ್ಪ ದನಿಯಲ್ಲಿ ಅವಳೇ ಉತ್ತರಿಸಿದಳು: "ನೀನು ಹೇಳಿದ ಹಾಗೆ." ಆಮೇಲೆ ತನ್ನ ದನಿಯಲ್ಲಿ ಸಣ್ಣಗೆ ನಕ್ಕು, "ಹೌದು ಹೌದು, ನಾನು ಹೇಳಿದ ಹಾಗೆ ನೀವು ಯಾವತ್ತು ಕೇಳಿದ್ದು" ಎಂದಳು. ಮತ್ತೆ ದಪ್ಪ ದನಿ: "ಅದು ಬಿಡು. ನಿನ್ನ ಮೊಣಕಾಲು ನೋವು ಹೇಗುಂಟು?"

ಅದಕ್ಕೆ ಅವಳು ಬಹಳ ಹೊತ್ತು ಉತ್ತರ ಹೇಳಿದಳು. ಎಡಗಾಲು ಪರವಾಗಿಲ್ಲ, ಬಲಗಾಲಿನದ್ದು ಮೆಟ್ಟಿಲು ಹತ್ತುವಾಗ ಜಾಸ್ತಿ. ಲೈಬ್ರರಿಯ ಮೇಲಿನ ಅಟ್ಟದ ಪುಸ್ತಕ ತೆಗೆಯಲು ಈಗ ಬೇರೆಯವರನ್ನು ಕರೆಯುತ್ತಾಳಂತೆ. ಕಳೆದ ವಾರ ಒಮ್ಮೆ ಮೆಟ್ಟಿಲಿನಲ್ಲೇ ಕುಳಿತುಬಿಟ್ಟಳಂತೆ, ಯಾರಿಗೂ ಹೇಳಲಿಲ್ಲವಂತೆ, ಹೆದರಿಕೆಯಾಯಿತಂತೆ. ನಡುನಡುವೆ ನಾನು "ಹೌದಾ" ಎನ್ನುತ್ತಿದ್ದೆ, "ಡಾಕ್ಟರಿಗೆ ತೋರಿಸುವ" ಎನ್ನುತ್ತಿದ್ದೆ. ಅಂದರೆ ಅಡುಗೆಮನೆಯ ನಾನು. ಅವನು ಎಷ್ಟೋ ವರ್ಷಗಳಿಂದ ಅಲ್ಲಿ ಇದ್ದಿರಬೇಕು. ಅವನು ಒಳ್ಳೆಯ ಗಂಡ. ಪ್ರತಿ ಮಾತಿಗೂ ಉತ್ತರ ಕೊಡುತ್ತಿದ್ದ, ಕಾಲು ನೋವು ವಿಚಾರಿಸುತ್ತಿದ್ದ. ಅವಳಿಗೆ ಮೊಣಕಾಲು ನೋವಿದೆ ಎಂಬುದೇ ಹಜಾರದಲ್ಲಿ ಕುಳಿತವನಿಗೆ ಗೊತ್ತಿರಲಿಲ್ಲ.

ಎದ್ದು ಹೋದೆ. ಪರದೆ ಸರಿಸಿ ಅಲ್ಲೇ ನಿಂತೆ. ಅವಳು ನನಗೆ ಬೆನ್ನು ಹಾಕಿ ಮೀನಿಗೆ ಮಸಾಲೆ ಹಚ್ಚುತ್ತಿದ್ದಳು, ಭಾರವನ್ನೆಲ್ಲ ಎಡಗಾಲಿನ ಮೇಲೆ ಹಾಕಿಕೊಂಡು. ನನ್ನ ದನಿ ನನಗೇ ಗುರುತು ಸಿಗದಷ್ಟು ಮೆತ್ತಗೆ ಬಂತು.

"ನಿನ್ನ ಮೊಣಕಾಲು ನೋವು ಹೇಗುಂಟು?"

ಅವಳು ತಿರುಗಿ ನೋಡಲಿಲ್ಲ. ಕೈಯನ್ನೂ ನಿಲ್ಲಿಸಲಿಲ್ಲ.

"ಈಗ ತಾನೇ ಹೇಳಿದೆನಲ್ಲ ನಿಮಗೆ" ಎಂದಳು.